ನಂಜಿನ ಮಾಸ್ತರು

ಹುನಗುಂದದ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಕರಿ ಹಲಗೆ ಇದೆ. ಊರಿನ ಸಾವು, ಸಭೆ, ಕಳೆದುಹೋದ ಎಮ್ಮೆ, ಎಲ್ಲ ಸುದ್ದಿಯೂ ಅದರ ಮೇಲೆ ಬರುತ್ತದೆ. ಆ ರವಿವಾರ ಬಾಗಲಕೋಟೆಯ ಬಸ್ಸಿಳಿದು ನೋಡಿದರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ, ‘ನಂಜಿನ ಮಾಸ್ತರರಿಗೆ ಶ್ರದ್ಧಾಂಜಲಿ ಸಭೆ, ಹೈಸ್ಕೂಲಿನಲ್ಲಿ, ಮುಂಜಾನೆ ಹತ್ತಕ್ಕೆ’ ಎಂದು ಬರೆದಿದ್ದರು. ಅವರು ತೀರಿಕೊಂಡ ಸುದ್ದಿ ಎರಡು ದಿನ ಮೊದಲೇ ನನಗೆ ಮುಟ್ಟಿತ್ತು. ಅಳುವುದನ್ನೆಲ್ಲ ಅತ್ತು ಮುಗಿಸಿಕೊಂಡೇ ಬಸ್ಸು ಹತ್ತಿದ್ದೆ. ಈಗ ಹಲಗೆ ನೋಡಿ ಬಂದದ್ದು ಬರೀ ಸಿಟ್ಟು. ಸೆರಗಿನ ತುದಿಯಿಂದ ‘ನಂಜಿನ’ ಎಂಬ ಮೂರು ಅಕ್ಷರ ಒರೆಸಿಬಿಟ್ಟೆ.

ಪಕ್ಕದ ಚಹದಂಗಡಿಯವನು ಓಡಿ ಬಂದ. “ಅಕ್ಕಾರ, ಅದನ್ಯಾಕ ಒರಸಿದ್ರಿ? ಬರೇ ಮಾಸ್ತರ ಅಂದ್ರ ಯಾವ ಮಾಸ್ತರ ಅಂತ ಮಂದಿಗೆ ಹೆಂಗ ತಿಳೀಬೇಕ್ರಿ?”

“ಅವರಿಗೊಂದು ಹೆಸರ ಇತ್ತಲ್ಲೋ, ಅದನ್ನ ಬರಿ.”

ಅವನು ತಲೆ ಕೆರೆದುಕೊಂಡ. “ಏನಿತ್ರಿ ಅದು?”

ನಾನು ಹೇಳಿದೆ. ಅವನು “ಅದು ಯಾರಿಗೂ ಗೊತ್ತಾಗೂದಿಲ್ಲ ಬಿಡ್ರಿ” ಎಂದು, ಒರೆಸಿದಲ್ಲೇ ಮತ್ತೆ ‘ನಂಜಿನ’ ಎಂದು ಬರೆದ. ಆದ್ದರಿಂದ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಊರಿಗೆ ಬೇಡವಾದ ಹೆಸರನ್ನು ನಾನೊಬ್ಬಳೇ ಇಟ್ಟುಕೊಳ್ಳುತ್ತೇನೆ. ಆದರೆ ನಂಜು ಎಂಬುದೇ ಇಲ್ಲ ಎಂದು ಗಂಟಲು ಹರಿಯುವಂತೆ ಕೂಗಿದ ಮನುಷ್ಯನಿಗೆ ಆ ಹೆಸರು ಹೇಗೆ ಬಿತ್ತು ಎಂಬುದನ್ನಾದರೂ ಬರೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಅವರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕುಳ್ಳ ಆಳು, ಬಿಳಿ ಧೋತರ, ಮೊಣಕೈ ತನಕ ಮಡಿಚಿದ ಅಂಗಿ. ಬಲಗೈಯ ಮೂರು ಬೆರಳ ತುದಿ ಸದಾ ಕಪ್ಪು. ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಮಾಡಿದ ಉಪ್ಪಿನ ನೀರು ತಾಗಿ, ಬಿಸಿಲು ಬಿದ್ದರೆ ಚರ್ಮ ಹಾಗಾಗುತ್ತದೆ. ಹೊಸಬರು ಕೇಳಿದರೆ, “ಮಸಿ ಅಲ್ರಿ, ಬೆಳ್ಳಿ. ಬೆಳ್ಳಿ ಯಾವಾಗಲೂ ಬೆಳ್ಳಗ ಇರಬೇಕಂತ ಯಾರ ಹೇಳ್ಯಾರ?” ಎನ್ನುತ್ತಿದ್ದರು. ತರಗತಿಯಲ್ಲಿ ಯಾರಾದರೂ ‘ಅಂತಾರ್ರಿ ಸರ’ ಎಂದು ಮಾತು ಮುಗಿಸಿದರೆ ಅವರಿಗೆ ರೇಗುತ್ತಿತ್ತು. “ಯಾರ ಅಂತಾರ? ನೀ ನೋಡಿದಿ ಏನು? ನೋಡಿ ಹೇಳು, ಕೇಳಿ ಹೇಳಬ್ಯಾಡ.” ಈ ಮಾತನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಅವರ ಬೆಳ್ಳಿಯ ಪಾಠ ಸುತ್ತಲಿನ ಊರುಗಳಲ್ಲೂ ಹೆಸರುವಾಸಿ. ಎರಡು ಲೋಟ ಬಿಸಿ ಚಹ ತರಿಸಿ, ಒಂದರಲ್ಲಿ ಬೆಳ್ಳಿಯ ಚಮಚ, ಒಂದರಲ್ಲಿ ಸ್ಟೀಲಿನ ಚಮಚ ಇಟ್ಟು ಒಬ್ಬ ಹುಡುಗನ ಎರಡೂ ಕೈಗೆ ಹಿಡಿಸುತ್ತಿದ್ದರು. ಬೆಳ್ಳಿ ಹಿಡಿದ ಕೈ ಮೊದಲು ಜಿಗಿಯುತ್ತಿತ್ತು. “ಹಾಂ, ಶಾಖಾ ಆಗಲಿ, ಕರೆಂಟ ಆಗಲಿ, ಬೆಳ್ಳಿ ತನ್ನ ಕಡೆ ಇಟಗೊಳ್ಳೂದಿಲ್ಲ. ಬಂದದ್ದನ್ನ ಮುಂದಿನವರಿಗೆ ದಾಟಸ್ತೈತಿ.” ಆಮೇಲೆ ಗಾಜಿನ ಪ್ರನಾಳದಲ್ಲಿ ಏನೋ ಎರಡು ನೀರು ಬೆರೆಸಿ ಬಿಸಿ ನೀರಿನಲ್ಲಿ ಇಟ್ಟರೆ, ನೋಡನೋಡುತ್ತಿದ್ದಂತೆ ಒಳಗೋಡೆಗೆಲ್ಲ ಬೆಳ್ಳಿ ಹತ್ತಿ ಕನ್ನಡಿಯಾಗುತ್ತಿತ್ತು. ನಾವು ಒಬ್ಬೊಬ್ಬರಾಗಿ ಅದರಲ್ಲಿ ನಮ್ಮ ಉದ್ದನೆಯ ಸೊಟ್ಟ ಮುಖ ನೋಡಿ ನಗುತ್ತಿದ್ದೆವು. ಫೋಟೊ ಸ್ಟುಡಿಯೊದ ಕಾಗದದಲ್ಲಿ ಕಪ್ಪಾಗಿ ಕೂರುವುದೂ ಬೆಳ್ಳಿಯೇ ಎಂದು ಅವತ್ತೇ ತಿಳಿದದ್ದು. ನಮ್ಮಪ್ಪ-ಅವ್ವನ ಲಗ್ನದ ಫೋಟೊ ಅಂದಿನಿಂದ ನನಗೆ ಬೇರೆಯಾಗಿಯೇ ಕಾಣತೊಡಗಿತು.

ಈ ಪಾಠಕ್ಕೆ ಬೇಕಾದ ಬೆಳ್ಳಿಯ ಉಪ್ಪನ್ನು ಕೊಡಿಸಲು ಒಂದು ವರ್ಷ ಶಾಲೆಯ ಆಡಳಿತ ಮಂಡಳಿ ಒಪ್ಪಲಿಲ್ಲ. ಪರೀಕ್ಷೆಗೆ ಬರದ ಪ್ರಯೋಗ ಯಾಕೆ ಎಂದು ಒಬ್ಬ ಹಿರಿಯರು ಕೇಳಿದರಂತೆ. ಮಾಸ್ತರು ಮನೆಗೆ ಹೋಗಿ ಮದುವೆಯಲ್ಲಿ ಮಾವ ಕೊಟ್ಟ ಬೆಳ್ಳಿಯ ಉಂಗುರ ತಂದು, ನಮ್ಮೆದುರಿಗೇ ಆಮ್ಲದಲ್ಲಿ ಹಾಕಿದರು. ಶುದ್ಧ ಬೆಳ್ಳಿಯಾದರೆ ನೀರು ತಿಳಿಯಾಗಿ ಉಳಿಯಬೇಕು. ಇದು ನೀಲಿಯಾಯಿತು. ಮಾಸ್ತರು ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿದ್ದುಬಿದ್ದು ನಕ್ಕರು. “ತಾಮ್ರ! ಮಾವ ಇಪ್ಪತ್ತ ವರ್ಷ ನನಗ ಬೆಳ್ಳಿ ಅಂತ ಹೇಳಿ ತಾಮ್ರ ಹಾಕ್ಯಾನ!” ಈ ಸುದ್ದಿ ಮನೆಗೆ ಮುಟ್ಟಿ, ಅವರ ಹೆಂಡತಿ ಎರಡು ದಿನ ಅವರ ಜೊತೆ ಮಾತಾಡಲಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಇಷ್ಟು ಹೇಳಿದರೆ ಆ ಮನುಷ್ಯ ಎಂಥವರು ಎಂದು ತಿಳಿಯಿತಲ್ಲ. ಈಗ ನನ್ನ ಅಕ್ಕನ ಸಂಗತಿಗೆ ಬರುತ್ತೇನೆ.

ಅಕ್ಕನನ್ನು ಎಪ್ಪತ್ತರ ದಶಕದ ನಡುವಿನಲ್ಲಿ ಇಳಕಲ್ಲಿಗೆ ಕೊಟ್ಟರು. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆ. ಹಿತ್ತಲಿನಲ್ಲಿ ತಗಡಿನ ಛಪ್ಪರ, ಅದರ ಕೆಳಗೆ ಸಾಲಾಗಿ ಬಣ್ಣದ ಹಂಡೆಗಳು. ಹೊಸ ಸೊಸೆಗೆ ಕೊನೆಯ ಹಂಡೆಯ ಕೆಲಸ ಕೊಟ್ಟರು. ಅದು ಕರಿ ಬಣ್ಣದ್ದು. ಹಬೆಯಾಡುವ ನೂಲಿನ ಲಡಿಗಳನ್ನು ಹಿಂಡಿ ಬಿದಿರಿನ ಗಳುವಿಗೆ ಹಾಕಬೇಕು. ಅಲ್ಲಿ ಕೊಳೆತ ತತ್ತಿಯ ವಾಸನೆ ಎಂದು ಕೂಲಿಯ ಹೆಣ್ಣುಮಗಳು ಕೆಲಸ ಬಿಟ್ಟು ಹೋಗಿದ್ದಳು. ಸೊಸೆ ಎಲ್ಲಿಗೆ ಬಿಟ್ಟು ಹೋಗುತ್ತಾಳೆ?

ನಮ್ಮಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತೇವೆ. ಅಪ್ಪ ಲಗ್ನದಲ್ಲಿ ಅಕ್ಕನಿಗೆ ಹೊಸ ಕರಡಿಗೆ ಮಾಡಿಸಿದ್ದರು. ಛಪ್ಪರದ ಕೆಲಸಕ್ಕೆ ಹತ್ತಿದ ತಿಂಗಳೊಳಗೆ ಅದು ಕಪ್ಪಾಯಿತು. ವಿಭೂತಿ ಹಚ್ಚಿ ತಿಕ್ಕಿದರೆ ಬೆಳ್ಳಗಾಗುವುದು, ನಾಲ್ಕು ದಿನಕ್ಕೆ ಮತ್ತೆ ಕಪ್ಪು. ಅಕ್ಕನ ಅತ್ತೆ ಒಂದು ದಿನ ಅದನ್ನು ನೋಡಿ, ನಾಲ್ಕು ಜನ ನೆರೆಯವರ ಮುಂದೆ ತೀರ್ಪು ಕೊಟ್ಟರು. “ಇಕಿ ಮೈಯಾಗ ನಂಜೈತಿ. ಬೆಳ್ಳಿ ಸುಳ್ಳ ಹೇಳೂದಿಲ್ಲ.”

ಆಮೇಲೆ ಶುರುವಾಯಿತು. ಉಪ್ಪು ತಿಂದರೆ ನಂಜು ಏರುತ್ತದೆ ಎಂದು ಉಪ್ಪು ಬಿಡಿಸಿದರು. ಮುಂಜಾನೆ ಬೇವಿನ ರಸ ಕುಡಿಸಿದರು. ಉಪ್ಪಿಲ್ಲದ ಸಪ್ಪೆ ರೊಟ್ಟಿ, ಸಪ್ಪೆ ಬೇಳೆ ತಿಂದು ಅಕ್ಕ ಕಡ್ಡಿಯಾದಳು. “ನೋಡ್ರಿ, ನಂಜು ಹೊರಗ ಬರಾಕತ್ತೈತಿ” ಎಂದರು. ಆದರೆ ಕರಿ ಹಂಡೆಯ ಮುಂದಿನಿಂದ ಮಾತ್ರ ಒಂದು ದಿನವೂ ಅವಳನ್ನು ಎಬ್ಬಿಸಲಿಲ್ಲ. ಎರಡು ತಿಂಗಳಾದ ಮೇಲೆ ಟ್ರಂಕಿನ ಸಮೇತ ನಮ್ಮ ಮನೆಗೆ ತಂದು ಬಿಟ್ಟು, “ನಂಜು ಹೋದ ಮ್ಯಾಲ ಕಳಸ್ರಿ” ಎಂದು ಹೋದರು. ಮೂರು ವಾರಕ್ಕೆ, ಅಕ್ಕನ ಗಂಡನಿಗೆ ಕೆರೂರಿನಲ್ಲಿ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು.

ನಾನಾಗ ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಶನಿವಾರ ಮನೆಗೆ ಬಂದರೆ ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಕೂತು ಉಪ್ಪಿಲ್ಲದ ಅನ್ನ ಉಣ್ಣುತ್ತಿದ್ದಳು. ನಮ್ಮ ಮನೆಯಲ್ಲೂ! ಅಪ್ಪ ಬಾದಾಮಿ ಕಡೆಯ ಯಾರೋ ನಂಜಿನ ಔಷಧಿಯವರನ್ನು ವಿಚಾರಿಸುತ್ತಿದ್ದರು. ನಾನು ಅಕ್ಕನ ತಾಟಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ಅವಳು ತಾಟು ಸರಿಸಿ, “ಬ್ಯಾಡವಾ, ಖರೇನ ನಂಜಿದ್ರ?” ಎಂದಳು. ಮಂದಿ ಅಂದದ್ದಕ್ಕಿಂತ ಅವಳೇ ಅದನ್ನು ನಂಬಿದ್ದು ನನ್ನ ಹೊಟ್ಟೆ ಉರಿಸಿತು. ಅವಳ ಕರಡಿಗೆ ಕೇಳಿದೆ. ಅವಳು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕರಡಿಗೆ ಕೊಟ್ಟಳು. ಅಲ್ಲಿಂದ ನೆಟ್ಟಗೆ ಮಾಸ್ತರ ಮನೆಗೆ ಹೋದೆ.

ಮಾಸ್ತರು ಕರಡಿಗೆಯನ್ನು ಮೂಗಿನ ಹತ್ತಿರ ಹಿಡಿದರು, ಉಗುರಿನಿಂದ ಕೆರೆದರು. ಆಮೇಲೆ ಕೇಳಿದ್ದು ಒಂದೇ ಮಾತು.

“ನಿಮ್ಮಕ್ಕ ಕೆಲಸ ಮಾಡೂವಾಗ ಎಲ್ಲಿ ನಿಲ್ತಾಳ?”

ಅಷ್ಟು ತಿಂಗಳಲ್ಲಿ ಅವಳ ಊಟ, ಮೈ, ಮುಟ್ಟು, ಹುಟ್ಟಿದ ನಕ್ಷತ್ರ ಎಲ್ಲವನ್ನೂ ಕೇಳಿದ್ದರು. ಅವಳು ಎಲ್ಲಿ ನಿಲ್ಲುತ್ತಾಳೆ ಎಂದು ಒಬ್ಬರೂ ಕೇಳಿರಲಿಲ್ಲ. ಪಾಠ ಕಲಿತ ನಾನೂ ಕೇಳಿರಲಿಲ್ಲ. ಕರಿ ಬಣ್ಣದ ಹಂಡೆಯ ವಿಷಯ ಹೇಳಿದೆ. ಮಾಸ್ತರು ಎದ್ದು ಮೊಳೆಯಿಂದ ಅಂಗಿ ತೆಗೆದುಕೊಂಡರು. “ಆ ಬಣ್ಣದಾಗ ಗಂಧಕ ಇರತೈತಿ. ಅದರ ಹಬಿ ಬೆಳ್ಳಿಗೆ ಬಡೀತಂದ್ರ ಕಪ್ಪಾಗಲಿಕ್ಕೆ ಬೇಕು. ಆಗದಿದ್ರ ಅದು ಬೆಳ್ಳಿನ ಅಲ್ಲ. ನಾಳೆ ಇಳಕಲ್ಲಿಗೆ ಹೋಗೂಣು, ನಿಮ್ಮಪ್ಪಗ ಹೇಳು.”

ಮರುದಿನ ಮಾಸ್ತರು, ಅಪ್ಪ, ನಾನು ಮೂವರೂ ಹೋದೆವು. ಅಕ್ಕನ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಅವರ ಎದೆಯ ಮೇಲೆ ಕರಡಿಗೆ ಫಳಫಳ ಹೊಳೆಯುತ್ತಿತ್ತು. ಮಾಸ್ತರು ಗಂಧಕದ ಸಂಗತಿಯನ್ನು ಮಕ್ಕಳಿಗೆ ಹೇಳಿದಷ್ಟು ಸಾವಕಾಶ ಹೇಳಿದರು. ಅವರು ಪೂರ್ತಿ ಕೇಳಿ, “ಮನಿಯಾಗ ಇಷ್ಟ ಮಂದಿ ಅದೇವಿ. ಆಕಿ ಒಬ್ಬಾಕಿದ ಯಾಕ ಕಪ್ಪಾತು?” ಎಂದರು.

“ನೀವು ಎಂದಾದ್ರೂ ಆ ಛಪ್ಪರದಾಗ ಹೋಗೀರೇನ್ರಿ, ಅವ್ವಾರ?”

“ನಾ ಯಾಕ ಹೋಗ್ಲಿ?”

“ಗಂಡಸರು ಹೋಗ್ತಾರ, ಖರೆ. ಅವರು ಲಿಂಗಾನ ಬಟ್ಟಿಯಾಗ ಕಟಗೊಂಡಾರ. ಬೆಳ್ಳಿ ಇಲ್ಲ. ಇಡೀ ಮನಿಯಾಗ ಆ ಹಂಡೇದ ಮುಂದ ಬೆಳ್ಳಿ ಹಾಕ್ಕೊಂಡ ನಿಂತಾಕಿ ನಿಮ್ಮ ಸೊಸಿ ಒಬ್ಬಾಕಿನ. ಬೆಳ್ಳಿ ಸುಳ್ಳ ಹೇಳೂದಿಲ್ಲಂತ ಅಂದ್ರೆಲ್ಲ, ನಾನೂ ಅದನ್ನ ಅಂತೇನಿ. ಎಂಟ ದಿನ ನಿಮ್ಮ ಕರಡಿಗಿ ಅಲ್ಲಿ ತೂಗ ಹಾಕ್ರಿ. ನೋಡೂಣು.”

ಅತ್ತೆ ಕರಡಿಗೆಯ ಮೇಲೆ ಕೈ ಮುಚ್ಚಿಕೊಂಡರು. “ನನ್ನದ್ಯಾಕ ಹಾಕಲಿ?”

ಮಾಸ್ತರು ಗೋಡೆಯ ಕಡೆ ತಿರುಗಿ ತಮ್ಮ ಕರಡಿಗೆ ತೆರೆದರು, ಲಿಂಗವನ್ನು ಹೆಗಲ ಮೇಲಿನ ವಸ್ತ್ರದ ತುದಿಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಬರಿದಾದ ಕರಡಿಗೆಯನ್ನು ತಾವೇ ಛಪ್ಪರಕ್ಕೆ ಒಯ್ದು ಕರಿ ಹಂಡೆಯ ಮೇಲಿನ ಗಳುವಿಗೆ ದಾರದಿಂದ ಕಟ್ಟಿದರು. ಅಕ್ಕನ ಮಾವನಿಗೆ, “ಯಾರೂ ಮುಟ್ಟಬಾರದ್ರಿ, ಎಂಟ ದಿನ ಬಿಟ್ಟ ಬರ್ತೇನಿ” ಎಂದರು.

ಎಂಟು ದಿನ ಬಿಟ್ಟು ಹೋದಾಗ ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆವು. ಓಣಿಯ ಮಂದಿಯೆಲ್ಲ ಹಿತ್ತಲಿನಲ್ಲಿ ಸೇರಿದ್ದರು. ಮಾಸ್ತರು ದಾರ ಬಿಚ್ಚಿ ಕರಡಿಗೆಯನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಅಕ್ಕನದಕ್ಕಿಂತ ಕಪ್ಪಾಗಿತ್ತು. ಯಾರ ಮೈಯನ್ನೂ ಮುಟ್ಟದೆ ಬರೀ ಗಳುವಿಗೆ ತೂಗಿದ ಬೆಳ್ಳಿ! ಇನ್ನೇನು ಬೇಕು? ನನಗೆ ಕುಣಿಯಬೇಕು ಅನ್ನಿಸಿತು. ಅತ್ತೆ ಬಗ್ಗಿ ನೋಡಿ, ಮಾಸ್ತರ ಮುಖ ನೋಡಿ, ಮರುಕದ ದನಿಯಲ್ಲಿ ಹೇಳಿದರು.

“ಅಯ್ಯ ಶಿವನ! ಮಾಸ್ತರ, ನಿಮಗೂ ನಂಜೈತಲ್ರಿ!”

ಮಂದಿ ಹೌದೌದು ಎಂದು ತಲೆಯಾಡಿಸಿದರು. ನಾನು ತಡೆಯದೆ, “ಅತ್ತಿ, ನಿಮ್ಮದನ್ನ ಒಂದ ವಾರ ಅಲ್ಲಿ ತೂಗ ಹಾಕ್ರಿ. ಕಪ್ಪಾತಂದ್ರ ನೀವೂ ಟ್ರಂಕ ತಗೊಂಡ ನಿಮ್ಮ ತವರಿಗೆ ಹೋಗ್ರಿ!” ಎಂದು ಕಿರುಚಿದೆ. ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅಕ್ಕ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಆ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಲು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ಮಾಸ್ತರ ಮುಖ ಕೆಂಪಾಗಿತ್ತು. ಆದರೂ ಅವರ ಹತ್ತಿರ ಇನ್ನೊಂದು ಪ್ರಯೋಗ ಉಳಿದಿತ್ತು. ಒಂದು ಜರ್ಮನ್ ಬೋಗೋಣಿ ಕೇಳಿದರು. ಅಲ್ಯುಮಿನಿಯಂ ಪಾತ್ರೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಅದರಲ್ಲಿ ಕುದಿಯುವ ನೀರು, ಒಂದು ಹಿಡಿ ಉಪ್ಪು, ಅರಿವೆ ಒಗೆಯುವ ಸೋಡಾ ಹಾಕಿ ತಮ್ಮದೂ ಅಕ್ಕನದೂ ಎರಡೂ ಕರಡಿಗೆಗಳನ್ನು ತಳಕ್ಕೆ ತಾಗುವಂತೆ ಬಿಟ್ಟರು. ನೀರಿನಿಂದ ಕೊಳೆತ ತತ್ತಿಯ ವಾಸನೆ ಎದ್ದಿತು. “ಬರ್ರಿ, ಮೂಸಿ ನೋಡ್ರಿ. ಯಾವ ವಾಸನಿ ಇದು? ನಿಮ್ಮ ಛಪ್ಪರದ್ದ ಅಲ್ಲೇನು? ಬೆಳ್ಳಿಯೊಳಗ ಹೊಕ್ಕಿದ್ದ ಗಂಧಕ ಈಗ ಹೊರಗ ಬರಾಕತ್ತೈತಿ. ಮೈಯಾಗಿಂದ ಬಂದದ್ದಲ್ಲ ಇದು!” ಸ್ವಲ್ಪ ಹೊತ್ತಿಗೆ ಚಿಮುಟದಿಂದ ಎತ್ತಿದರು. ಎರಡೂ ಹೊಸ ಕರಡಿಗೆಯಷ್ಟು ಬೆಳ್ಳಗೆ ಹೊಳೆಯುತ್ತಿದ್ದವು.

ಮಂದಿ ಬಗ್ಗಿ ಎರಡನ್ನೂ ನೋಡಿದರು. ಆಮೇಲೆ ಹಿಂದಿನಿಂದ ಯಾವಳೋ ಒಬ್ಬಳು, “ಮಾಸ್ತರ ನಂಜ ತಗದ್ರು!” ಎಂದಳು. ಅಷ್ಟೇ ಸಾಕಾಯಿತು. ಅತ್ತೆ ಎರಡೂ ಕೈ ಜೋಡಿಸಿದರು. “ನಿಮ್ಮ ಕೈಗುಣ ದೊಡ್ಡದ್ರಿ, ಸೊಸಿ ನಂಜೂ ತಗದ್ರಿ, ನಿಮ್ಮದೂ ತಗಕೊಂಡ್ರಿ. ಬಾರವಾ, ಒಳಗ ಬಾ.”

“ನಾ ಯಾವ ನಂಜೂ...” ಎಂದು ಮಾಸ್ತರು ಬಾಯಿ ತೆರೆದರು. ಅಪ್ಪ ನಡುವೆ ಬಂದು ಅವರ ಕಪ್ಪು ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಪ್ಪನ ದನಿ ಕೇಳಿಸುವಷ್ಟೂ ಇರಲಿಲ್ಲ. “ಸರ, ನಿಮ್ಮ ಕಾಲ ಬೀಳ್ತೇನಿ. ಹೂಂ ಅನ್ನಬ್ಯಾಡ್ರಿ, ಅಲ್ಲ ಅಂತನೂ ಅನ್ನಬ್ಯಾಡ್ರಿ. ನನ್ನ ಮಗಳ ಬಾಳೇವು ಐತಿ.”

ಮಾಸ್ತರು ಅಕ್ಕನ ಕಡೆ ನೋಡಿದರು. ಕೆರೂರಿನ ಹೆಣ್ಣಿನ ಸುದ್ದಿ ಅವರಿಗೂ ಗೊತ್ತಿತ್ತು. ಯಾವ ಶಾಲಾ ಇನ್‌ಸ್ಪೆಕ್ಟರನ ಮುಂದೆಯೂ, ಯಾವ ಆಡಳಿತ ಮಂಡಳಿಯ ಮುಂದೆಯೂ ಮುಚ್ಚದ ಬಾಯಿ ಅವತ್ತು ಮುಚ್ಚಿತು. ಚಹ ತಂದಿಟ್ಟರೂ ಕುಡಿಯಲಿಲ್ಲ. ಹೊರಡುವಾಗ ಅಕ್ಕನ ಮಾವನಿಗೆ ಎರಡೇ ಮಾತು ಹೇಳಿದರು. “ಈಕಿನ್ನ ಆ ಹಂಡೇದ ಮುಂದ ನಿಲ್ಲಸಬ್ಯಾಡ್ರಿ. ಮತ್ತ ಇವತ್ತಿಂದ ಉಪ್ಪ ಹಾಕಿ ಊಟಕ್ಕ ಕೊಡ್ರಿ.”

ಬಸ್ಸಿನಲ್ಲಿ ಹುನಗುಂದದ ತನಕ ಅವರು ಹೊಳೆಯುವ ಕರಡಿಗೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು.

ಆಮೇಲಿನದು ಇನ್ನೂ ಕೆಟ್ಟದ್ದು. ಹದಿನೈದು ದಿನದಲ್ಲಿ ಅವರ ಮನೆಯ ಮುಂದೆ ಜನ ಸೇರತೊಡಗಿದರು. ಕೂಸಿನ ಬೆಳ್ಳಿ ಉಡದಾರ, ಬಾಣಂತಿಯ ಕಾಲುಂಗುರ, ಮುದುಕರ ಕರಡಿಗೆ, ಎಲ್ಲ ತಂದು ‘ನಂಜ ತೆಗೀರಿ’ ಎನ್ನುವರು. ಅಮೀನಗಡದಿಂದ ಬಂದರು, ರಾಮಥಾಳದಿಂದ ಗಾಡಿ ಕಟ್ಟಿಕೊಂಡು ಬಂದರು. ಮೊದಲು ಮಾಸ್ತರು ಬೈದು ಅಟ್ಟಿದರು. ಆಮೇಲೆ ಕಟ್ಟೆಯ ಮೇಲೆ ಒಲೆ, ಬೋಗೋಣಿ, ಉಪ್ಪು, ಸೋಡಾ ಇಟ್ಟು, “ನೀನ ತೊಳಿ. ನೀನ ವಾಸನಿ ತಗೊ. ನಾ ಮುಟ್ಟೂದಿಲ್ಲ” ಎನ್ನತೊಡಗಿದರು. ಅವರೇ ತೊಳೆದುಕೊಳ್ಳುವರು, ಅವರೇ ಮೂಸುವರು, ಆಮೇಲೆ ಮಾಸ್ತರ ಹೊಸ್ತಿಲಿಗೆ ತೆಂಗಿನಕಾಯಿ ಇಟ್ಟು ಕೈ ಮುಗಿದು ಹೋಗುವರು! ಅವರ ಹೆಂಡತಿ ಆ ಕಾಯಿ ಒಡೆದು ಚಟ್ನಿ ಅರೆಯುತ್ತ, “ನಿಮ್ಮ ವಿಜ್ಞಾನದಿಂದ ಮನಿಗೆ ಇಷ್ಟರೆ ಬಂತಲ್ಲ” ಎನ್ನುತ್ತಿದ್ದರು. ಮಾಸ್ತರು ಆ ಚಟ್ನಿ ಮುಟ್ಟುತ್ತಿರಲಿಲ್ಲ.

ನಾನು ಓದು ಮುಗಿಸಿ ವಿಜ್ಞಾನವನ್ನೇ ಕಲಿಸುವವಳಾದೆ. ರಜೆಯಲ್ಲಿ ಅವರನ್ನು ನೋಡಲು ಹೋದಾಗಲೆಲ್ಲ ಕೊನೆಗೆ ಅದೇ ಮಾತಿಗೆ ಬರುತ್ತಿದ್ದರು. “ಮಂದೀದು ತಪ್ಪಿಲ್ಲವಾ. ನೋಡಿ ಹೇಳ್ರಿ ಅಂತ ಮೂವತ್ತ ವರ್ಷ ಒದರಿದೆ. ನೋಡಿದವ ನಾ, ಹೇಳೂ ಹೊತ್ತಿಗೆ ಹೇಳಲಿಲ್ಲ. ಹೆಸರು ಬರೋಬರಿ ಬಿದ್ದೈತಿ ನನಗ.” ಅಕ್ಕನ ಸಂಸಾರ ಉಳಿಯಿತಲ್ಲ ಸರ್ ಎಂದರೆ, “ಉಳೀತು. ಆಕಿ ಏನಂತ ತಿಳಕೊಂಡ ಉಳದಾಳೋ, ಅದನ್ನ ಕೇಳೂ ಧೈರ್ಯ ನನಗಿಲ್ಲ” ಎನ್ನುತ್ತಿದ್ದರು. ನಾನೂ ಅಕ್ಕನನ್ನು ಎಂದೂ ಕೇಳಲಿಲ್ಲ. ಅವಳಾಗಿ ಹೇಳಲಿಲ್ಲ.

ಸಭೆಗೆ ಹೈಸ್ಕೂಲಿನ ಹಾಲ್ ತುಂಬಿತ್ತು. ಮಾಸ್ತರ ಫೋಟೊಕ್ಕೆ ಹಾರ ಹಾಕಿದ್ದರು. ಮೊದಲು ಮಾತಾಡಿದ ಹಿರಿಯರು, ಹಿಂದೆ ಬೆಳ್ಳಿಯ ಉಪ್ಪು ಬೇಡ ಅಂದವರೇ, ಅವರ ಕೈಗುಣ ಹೊಗಳಿದರು. ಎರಡನೆಯವರು, ಮಾಸ್ತರು ವಿಜ್ಞಾನವನ್ನೂ ಮಂತ್ರವನ್ನೂ ಒಂದು ಮಾಡಿದವರು ಎಂದರು. ನಾನು ಎದ್ದು ನಿಂತೆ. ಅಧ್ಯಕ್ಷರು ವೇಳೆ ಇಲ್ಲ ಎಂದು ಕೈ ಸನ್ನೆ ಮಾಡಿ ಕೂರಿಸಿದರು. ಆಮೇಲೆ ಅವರ ಕಣ್ಣು ಇಳಕಲ್ಲಿನಿಂದ ಬಂದು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ಅಕ್ಕನ ಮೇಲೆ ಬಿತ್ತು. “ಇಲ್ಲೇ ಸಾಕ್ಷಿ ಕುಂತಾರ. ಮಾಸ್ತರು ಮೊಟ್ಟಮೊದಲು ನಂಜು ತಗದದ್ದು ಈ ತಾಯೀದು. ಎರಡ ಮಾತ ಹೇಳ್ರವಾ” ಎಂದರು.

ಅಕ್ಕ ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಅವಳ ಅತ್ತೆ, ಈಗ ಹಣ್ಣುಹಣ್ಣು ಮುದುಕಿ, ಪಕ್ಕದಲ್ಲೇ ಕೂತಿದ್ದರು. ಅಕ್ಕ ಎದ್ದಳು, ಸೆರಗು ಸರಿಮಾಡಿಕೊಂಡಳು, ಕೊರಳ ದಾರ ಹಿಡಿದು ಕರಡಿಗೆಯನ್ನು ಹೊರಗೆ ತೆಗೆದಳು. ಅದು ಇದ್ದಿಲಿನಷ್ಟು ಕಪ್ಪಗಿತ್ತು.

“ನೋಡ್ರಿ” ಎಂದಳು. “ಮಾವಾರು ಹೋದ ಮ್ಯಾಲ ಬಣ್ಣದ ಕೆಲಸ ನಾನ ನೋಡ್ತೇನಿ. ಆರ ವರ್ಷ ಆತು, ಕರಿ ಹಂಡೇದ ಮುಂದನ ನಿಲ್ತೇನಿ. ಇದನ್ನ ನಾ ತೊಳಿಯೂದಿಲ್ಲ. ಬೇಕಂತನ ಬಿಟ್ಟೇನಿ. ಮೂರ ಮಕ್ಕಳ್ನ ಹಡದೇನಿ. ಎರಡೂ ಹೊತ್ತು ಉಪ್ಪ ಹಾಕ್ಕೊಂಡ ಉಣ್ತೇನಿ.” ಕರಡಿಗೆಯನ್ನು ಇನ್ನೂ ಮೇಲಕ್ಕೆತ್ತಿ ಹಿಡಿದಳು. “ಸರ ನನ್ನ ಮೈಯಾಗಿಂದ ಏನೂ ತೆಗಿಲಿಲ್ರಿ. ತೆಗಿಯಾಕ ಅಲ್ಲಿ ಏನೂ ಇರಲಿಲ್ಲ.”

ಅಷ್ಟು ಹೇಳಿ ಕೂತಳು.

ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂದು ನನಗೂ ಗೊತ್ತಿದೆ. ತಟ್ಟಿದೆ.